ಗ್ಲೌಸ್ ಮೊದಲು, ಬ್ಯಾಟ್ ಆಮೇಲೆ

ಇವತ್ತಿನ ಕ್ರಿಕೆಟ್‌ನಲ್ಲಿ ಬರೀ ಕೀಪರ್‌ಗೆ ಜಾಗವಿಲ್ಲ ಎಂಬ ಮಾತು ಟಿ.ವಿ. ಚರ್ಚೆಗಳಲ್ಲಿ, ಆಯ್ಕೆ ಸಮಿತಿಯ ಸಮರ್ಥನೆಗಳಲ್ಲಿ, ಬೇಸಿಗೆ ಶಿಬಿರಗಳ ಕೋಚ್‌ಗಳ ಬಾಯಲ್ಲಿ ಎಷ್ಟು ಸಲ ಕೇಳಿಬಂದಿದೆಯೆಂದರೆ, ಅದೊಂದು ವಾದ ಎನ್ನುವುದೇ ಜನರಿಗೆ ಮರೆತುಹೋಗಿದೆ. ಏಳನೇ ಕ್ರಮಾಂಕದಲ್ಲಿ ಬಂದು ಶತಕ ಬಾರಿಸಬಲ್ಲವನನ್ನು ಹುಡುಕಿ, ಗ್ಲೌಸ್ ಕೆಲಸವನ್ನು ಅವನು ಹೇಗೋ ಕಲಿತುಕೊಳ್ಳುತ್ತಾನೆ ಎನ್ನುವುದು ಈ ಪಂಥದ ಸಾರ. ಕೀಪಿಂಗ್‌ನಲ್ಲಿ ಇಬ್ಬರ ನಡುವಿನ ವ್ಯತ್ಯಾಸ ಸಣ್ಣದು, ಬ್ಯಾಟಿಂಗ್‌ನಲ್ಲಿ ದೊಡ್ಡದು. ಆದ್ದರಿಂದ ಬ್ಯಾಟ್ ನೋಡಿಯೇ ಆರಿಸಬೇಕು ಎಂಬುದು ಅವರ ತರ್ಕ.

ಈ ತರ್ಕ ತಪ್ಪು. ಹಳೆಯ ಕಾಲದ ಸೊಗಸಿನ ಮೇಲಿನ ಮೋಹದಿಂದ ನಾನು ಇದನ್ನು ಹೇಳುತ್ತಿಲ್ಲ. ಪಂದ್ಯ ಗೆಲ್ಲುವ ದೃಷ್ಟಿಯಿಂದಲೇ ಅದು ತಪ್ಪು. ರನ್ನಿನ ಲೆಕ್ಕದಲ್ಲಿಯೇ ತಪ್ಪು. ಸೈಯದ್ ಕಿರ್ಮಾನಿ ಮತ್ತು ಸದಾನಂದ ವಿಶ್ವನಾಥ್ ಅವರನ್ನು ದೇಶಕ್ಕೆ ಕೊಟ್ಟ ಕರ್ನಾಟಕದಲ್ಲಿ ಈ ತಪ್ಪನ್ನು ಪ್ರಶ್ನಿಸದೆ ಒಪ್ಪಿಕೊಳ್ಳುವುದಂತೂ ಇನ್ನೂ ದೊಡ್ಡ ತಪ್ಪು.

ಎದುರು ಪಕ್ಷದವರು ತಮ್ಮ ಬಲವಿರುವುದು ಅಂಕಿಗಳಲ್ಲಿ ಎನ್ನುತ್ತಾರೆ. ಹಾಗಾದರೆ ಅಂಕಿಗಳಿಂದಲೇ ಶುರು ಮಾಡೋಣ. ಇಬ್ಬರು ಕೀಪರ್‌ಗಳಿದ್ದಾರೆ ಎನ್ನಿ. ಒಬ್ಬನ ಬ್ಯಾಟಿಂಗ್ ಸರಾಸರಿ 35, ಇನ್ನೊಬ್ಬನದು 25. ಎರಡು ಇನಿಂಗ್ಸ್‌ನ ಪಂದ್ಯದಲ್ಲಿ ಮೊದಲನೆಯವನಿಂದ ಸಿಗುವ ಹೆಚ್ಚುವರಿ ಲಾಭ ಸುಮಾರು 20 ರನ್. ಎರಡನೇ ಇನಿಂಗ್ಸ್‌ನಲ್ಲಿ ಅವನ ಸರದಿ ಬಾರದಿದ್ದರೆ ಅದರಲ್ಲೂ ಅರ್ಧ. ಈಗ ಅವನು ಎರಡು ಪಂದ್ಯಕ್ಕೆ ಒಂದರಂತೆ ಒಂದೇ ಒಂದು ಕ್ಯಾಚನ್ನೋ ಸ್ಟಂಪಿಂಗನ್ನೋ ಇನ್ನೊಬ್ಬನಿಗಿಂತ ಹೆಚ್ಚಾಗಿ ಕೈಚೆಲ್ಲುತ್ತಾನೆ ಎಂದುಕೊಳ್ಳಿ. 40ರ ಸರಾಸರಿಯ ಬ್ಯಾಟ್ಸ್‌ಮನ್‌ಗೆ ಜೀವದಾನ ಸಿಕ್ಕಿದರೆ, ಅವನು ಮುಂದೆ ಇನ್ನೂ 40 ರನ್ ಸೇರಿಸುತ್ತಾನೆ ಎಂದೇ ನಿರೀಕ್ಷಿಸಬೇಕು. ಕ್ರೀಸಿಗೆ ಒಗ್ಗಿಕೊಂಡಿದ್ದರೆ ಅದಕ್ಕಿಂತ ಹೆಚ್ಚು. ಎರಡು ಪಂದ್ಯದ ಲಾಭ 40, ಒಂದು ತಪ್ಪಿನ ನಷ್ಟ 40. ಬ್ಯಾಟಿನಿಂದ ಬಂದದ್ದೆಲ್ಲ ಗ್ಲೌಸಿನಿಂದ ಸೋರಿಹೋಯಿತು. ಎರಡು ಪಂದ್ಯಕ್ಕೆ ಒಂದು ಅವಕಾಶದ ವ್ಯತ್ಯಾಸ ದೊಡ್ಡದೇನಲ್ಲ. ನುರಿತ ಕೀಪರ್‌ಗೂ ಕೆಲಸ ಚಲಾಯಿಸುವ ಕೀಪರ್‌ಗೂ ನಡುವೆ, ಅದೂ ಚೆಂಡು ತಿರುಗುವ ನಮ್ಮ ಪಿಚ್‌ಗಳ ಮೇಲೆ, ಅಷ್ಟು ಅಂತರ ಇದ್ದೇ ಇರುತ್ತದೆ.

ಆದರೂ ಈ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಕೀಪರ್ ಹೊಡೆದ 35 ರನ್ ಅವನ ಹೆಸರಿನ ಮುಂದೆ ಅಚ್ಚಾಗುತ್ತದೆ. ಅವನು ಬಿಟ್ಟ ಕ್ಯಾಚ್ ಎದುರಾಳಿ ಬ್ಯಾಟ್ಸ್‌ಮನ್‌ನ ಶತಕವಾಗಿ ಬೇರೊಂದು ಪುಟ ಸೇರುತ್ತದೆ. ದುಬಾರಿ ಬೌಲಿಂಗ್ ಎಂಬ ಹೆಸರಿನಲ್ಲಿ ಬೌಲರ್‌ನ ಲೆಕ್ಕಕ್ಕೆ ಜಮೆಯಾಗುತ್ತದೆ. ತಪ್ಪಿದ ಸ್ಟಂಪಿಂಗ್‌ಗೆ ಸ್ಕೋರ್‌ಕಾರ್ಡಿನಲ್ಲಿ ಅಂಕಣವೇ ಇಲ್ಲ. ಬೈ ಒಂದನ್ನು ಮಾತ್ರ ಎಣಿಸುತ್ತಾರೆ, ಅದೋ ಕೀಪಿಂಗ್ ತಪ್ಪುಗಳಲ್ಲಿ ಅತ್ಯಂತ ಅಗ್ಗದ್ದು. ಕಾಣುವುದನ್ನಷ್ಟೇ ಎಣಿಸಿ, ಕಾಣದ್ದು ಇಲ್ಲವೇ ಇಲ್ಲ ಎಂದು ತೀರ್ಪು ಕೊಡುವುದು ಅಂಕಿ ಅಂಶದ ಶಿಸ್ತಲ್ಲ, ಅಂಕಿ ಅಂಶದ ಸೋಮಾರಿತನ.

ಇದಕ್ಕೆ 2004ರ ಜನವರಿಯ ಸಿಡ್ನಿ ಟೆಸ್ಟ್‌ಗಿಂತ ಸ್ಪಷ್ಟವಾದ ಸಾಕ್ಷಿ ಬೇಡ. ಭಾರತ 7 ವಿಕೆಟ್‌ಗೆ 705 ರನ್ ಮಾಡಿ ಡಿಕ್ಲೇರ್ ಮಾಡಿತು. ತೆಂಡೂಲ್ಕರ್ ಅಜೇಯ 241, ಲಕ್ಷ್ಮಣ್ 178. ಕೀಪರ್ ಪಾರ್ಥಿವ್ ಪಟೇಲ್ ಚುರುಕಾಗಿ 62. ನಮ್ಮ ಅನಿಲ್ ಕುಂಬ್ಳೆ ಮೊದಲ ಇನಿಂಗ್ಸ್‌ನಲ್ಲಿ 141 ರನ್‌ಗೆ 8 ವಿಕೆಟ್ ಕಿತ್ತರು. ಕೊನೆಯ ದಿನ ಆಸ್ಟ್ರೇಲಿಯಾವನ್ನು ಅವರದೇ ನೆಲದಲ್ಲಿ ಸರಣಿಯಲ್ಲಿ ಸೋಲಿಸುವ ಅವಕಾಶ ಕಣ್ಣೆದುರು ಇತ್ತು. ಅದುವರೆಗೆ ಭಾರತದ ಯಾವ ತಂಡವೂ ಮಾಡದ ಸಾಧನೆ ಅದು. ಆದರೆ ವಿಕೆಟ್ ಹಿಂದೆ ಅವಕಾಶಗಳು ಕೈತಪ್ಪಿದವು. ಕೊನೆಯ ಟೆಸ್ಟ್ ಆಡುತ್ತಿದ್ದ ಸ್ಟೀವ್ ವಾ 80 ರನ್ ಹೊಡೆದರು. ಆಸ್ಟ್ರೇಲಿಯಾ 6 ವಿಕೆಟ್‌ಗೆ 357ಕ್ಕೆ ಬಂದು ನಿಂತಿತು. ಪಂದ್ಯ ಡ್ರಾ, ಸರಣಿ 1-1. 705ರಲ್ಲಿ ಆ 62 ರನ್ ಇರದಿದ್ದರೆ ಭಾರತಕ್ಕೆ ಏನೂ ಕೊರತೆಯಾಗುತ್ತಿರಲಿಲ್ಲ. ಕೊನೆಯ ದಿನದ ಒಂದೆರಡು ವಿಕೆಟ್ ಇದ್ದಿದ್ದರೆ ಚರಿತ್ರೆ ಬೇರೆಯಾಗುತ್ತಿತ್ತು. ತಪ್ಪನ್ನು ಆಗಿನ್ನೂ 18 ವರ್ಷದ ಹುಡುಗನ ತಲೆಗೆ ಕಟ್ಟುವುದು ಅನ್ಯಾಯ. ಕೀಪಿಂಗ್ ಪಳಗುವ ಮೊದಲೇ ಅವನನ್ನು ಕುಂಬ್ಳೆಯಂಥ ಬೌಲರ್‌ನ ಹಿಂದೆ ತಂದು ನಿಲ್ಲಿಸಿದ ಆಲೋಚನೆಯದು ತಪ್ಪು.

ಟೆಸ್ಟ್ ಪಂದ್ಯದಲ್ಲಿ ರನ್ ಎಷ್ಟಾದರೂ ಇರಲಿ, 20 ವಿಕೆಟ್ ಬೀಳದೆ ಗೆಲುವಿಲ್ಲ. ಆ 20 ವಿಕೆಟ್‌ಗಳಿಗೆ ಬೌಲರ್ ಎಷ್ಟು ಬೇಕೋ ಕೀಪರ್ ಕೂಡ ಅಷ್ಟೇ ಬೇಕು. ದಿನಕ್ಕೆ 90 ಓವರ್ ಎಂದರೆ 540 ಎಸೆತ. ಪ್ರತಿ ಎಸೆತಕ್ಕೂ ಕುಕ್ಕರಗಾಲಲ್ಲಿ ಕೂತು ಏಳಬೇಕು. ಚೆಂಡು ಬರುವುದೇ ಇಲ್ಲ ಎನಿಸುವ ಮೂರು ಗಂಟೆಯ ಬಳಿಕವೂ ಬಂದೇ ಬರುತ್ತದೆ ಎಂದು ಕಾಯಬೇಕು. ಸ್ಪಿನ್ನರ್ ಬಂದರಂತೂ ಸ್ಟಂಪ್‌ಗೆ ಒತ್ತಿ ನಿಲ್ಲಬೇಕು. ಬ್ಯಾಟ್ಸ್‌ಮನ್‌ನ ದೇಹ, ಪ್ಯಾಡ್, ಬ್ಯಾಟು ಅಡ್ಡ ಬಂದು ಚೆಂಡು ಕ್ಷಣಕಾಲ ಮರೆಯಾಗುತ್ತದೆ. ಅದು ಎಲ್ಲಿ ಹೊರಬರುತ್ತದೆ ಎಂದು ಮೊದಲೇ ತಿಳಿದಿರಬೇಕು. ತಿಳಿಯುವುದು ಬೌಲರ್‌ನ ಕೈಯಿಂದ, ಮಣಿಕಟ್ಟಿನಿಂದ. ನೆಟ್ಸ್‌ನಲ್ಲಿ ಒಬ್ಬನೇ ಬೌಲರ್‌ನ ಹಿಂದೆ ವರ್ಷಗಟ್ಟಲೆ ಕೂತವನಿಗೆ ಮಾತ್ರ ಅದು ಒಲಿಯುತ್ತದೆ. ಹೇಗೋ ಕಲಿತುಕೊಳ್ಳುತ್ತಾನೆ ಎನ್ನುವವರು ಈ ಕೆಲಸವನ್ನು ಹತ್ತಿರದಿಂದ ನೋಡಿಲ್ಲ.

ನೋಡಬೇಕಾದರೆ ನಮ್ಮ 1970ರ ದಶಕದ ತಂಡವನ್ನು ನೋಡಿ. ಪೋಲಿಯೊದಿಂದ ಸೊರಗಿದ ಬಲಗೈಯಿಂದಲೇ ಬಿ.ಎಸ್. ಚಂದ್ರಶೇಖರ್ ಹೆಚ್ಚೂಕಡಿಮೆ ಮಧ್ಯಮ ವೇಗದಲ್ಲಿ ಗೂಗ್ಲಿ, ಲೆಗ್ ಬ್ರೇಕ್ ಎಸೆಯುತ್ತಿದ್ದರು. ಅದು ಯಾವ ಕಡೆ ತಿರುಗುತ್ತದೆಂದು ಜಗತ್ತಿನ ದೊಡ್ಡ ಬ್ಯಾಟ್ಸ್‌ಮನ್‌ಗಳಿಗೇ ಗೊತ್ತಾಗುತ್ತಿರಲಿಲ್ಲ. ಇನ್ನೊಂದು ತುದಿಯಲ್ಲಿ ಗಾಳಿಯಲ್ಲೇ ಚೆಂಡನ್ನು ತಡೆದು ಇಳಿಸುವ ಎರಪಳ್ಳಿ ಪ್ರಸನ್ನ. ಈ ಇಬ್ಬರ ಹಿಂದೆ ರಾಜ್ಯ ತಂಡದಲ್ಲಿ ಪಳಗಿದವರು ಕಿರ್ಮಾನಿ. 1976ರ ಜನವರಿಯಲ್ಲಿ ಆಕ್ಲೆಂಡ್‌ನಲ್ಲಿ ಅವರು ಮೊದಲ ಟೆಸ್ಟ್ ಆಡಿದಾಗ ಚಂದ್ರ ಮೊದಲ ಇನಿಂಗ್ಸ್‌ನಲ್ಲಿ 94ಕ್ಕೆ 6, ಪ್ರಸನ್ನ ಎರಡನೆಯದರಲ್ಲಿ 76ಕ್ಕೆ 8 ವಿಕೆಟ್ ಪಡೆದರು, ಭಾರತ ಗೆದ್ದಿತು. ಮುಂದಿನ ಟೆಸ್ಟ್‌ನಲ್ಲೇ, ಕ್ರೈಸ್ಟ್‌ಚರ್ಚ್‌ನಲ್ಲಿ, ಕಿರ್ಮಾನಿ ಒಂದು ಇನಿಂಗ್ಸ್‌ನಲ್ಲಿ ಐದು ಕ್ಯಾಚ್, ಒಂದು ಸ್ಟಂಪಿಂಗ್ ಮಾಡಿ ಆಗಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. ಫಾರೂಕ್ ಎಂಜಿನಿಯರ್‌ಗೆ ಮೀಸಲು ಕೀಪರ್ ಆಗಿ 1971ರಿಂದ ಪ್ರವಾಸ ಹೋಗಿ ಬೆಂಚ್ ಮೇಲೆ ಕಾದಿದ್ದ ಆಟಗಾರ ಇವರು.

ಮುಂದಿನ ಕಥೆಯನ್ನು ಆಯ್ಕೆಗಾರರು ಪಾಠವಾಗಿ ಓದಬೇಕು. 1979ರ ವಿಶ್ವಕಪ್‌ಗೂ ಇಂಗ್ಲೆಂಡ್ ಪ್ರವಾಸಕ್ಕೂ ಕಿರ್ಮಾನಿಯನ್ನು ಕೈಬಿಟ್ಟರು. ವಿಶ್ವಕಪ್‌ನಲ್ಲಿ ಗ್ಲೌಸ್ ತೊಟ್ಟವರು ದೆಹಲಿಯ ಸುರೀಂದರ್ ಖನ್ನಾ, ಟೆಸ್ಟ್‌ಗಳಲ್ಲಿ ಭರತ್ ರೆಡ್ಡಿ. ಅದೇ ವರ್ಷ ಆಸ್ಟ್ರೇಲಿಯಾ ಇಲ್ಲಿಗೆ ಬಂದಾಗ ಕಿರ್ಮಾನಿ ಮರಳಿದರು; ಮುಂಬೈಯಲ್ಲಿ ನೈಟ್ ವಾಚ್‌ಮನ್ ಆಗಿ ಹೋಗಿ ಅಜೇಯ 101 ಹೊಡೆದರು. 1981-82ರಲ್ಲಿ ಇಂಗ್ಲೆಂಡ್ ವಿರುದ್ಧ ಸತತ ಮೂರು ಟೆಸ್ಟ್‌ಗಳಲ್ಲಿ ಒಂದೇ ಒಂದು ಬೈ ಬಿಡಲಿಲ್ಲ. 1983ರ ವಿಶ್ವಕಪ್‌ನಲ್ಲಿ ಅತ್ಯುತ್ತಮ ಕೀಪರ್ ಎಂಬ ಪ್ರಶಸ್ತಿ ಅವರದು. ಫೈನಲ್‌ನಲ್ಲಿ ನಮ್ಮ ಬೌಲರ್ ಸಂಧು ಎಸೆತದಲ್ಲಿ ವೆಸ್ಟ್ ಇಂಡೀಸ್‌ನ ಬ್ಯಾಕಸ್ ಕ್ಯಾಚನ್ನು ಹಾರಿ ಹಿಡಿದ ದೃಶ್ಯ ನೋಡಿದವರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿದೆ.

ಕಿರ್ಮಾನಿಯ ಟೆಸ್ಟ್ ಬ್ಯಾಟಿಂಗ್ ಸರಾಸರಿ 27.04. ಇವತ್ತಿನ ಅಳತೆಗೋಲು ಹಿಡಿದರೆ ಅವರು ತಂಡದ ಬಾಗಿಲಲ್ಲೇ ನಿಲ್ಲುತ್ತಿದ್ದರು. ಆದರೆ 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ಎದುರು ಭಾರತ 17ಕ್ಕೆ 5 ವಿಕೆಟ್ ಕಳೆದುಕೊಂಡು, ಮುಂದೆ ಎಂಟು ವಿಕೆಟ್ ಬಿದ್ದ ಮೇಲೆ ಕಪಿಲ್ ದೇವ್ ಜೊತೆ ನಿಂತವರು ಅವರೇ. ಒಂಬತ್ತನೇ ವಿಕೆಟ್‌ಗೆ ಮುರಿಯದ 126 ರನ್ ಜೊತೆಯಾಟ. ಅದರಲ್ಲಿ ಕಿರ್ಮಾನಿಯ ಪಾಲು 24. ಅದೇ ವರ್ಷ ಮದರಾಸಿನಲ್ಲಿ ವೆಸ್ಟ್ ಇಂಡೀಸ್ ಎದುರು ಗಾವಸ್ಕರ್ ಅಜೇಯ 236 ಹೊಡೆದಾಗ ಜೊತೆಗಿದ್ದವರೂ ಅವರೇ, ಅಜೇಯ 63. ಗ್ಲೌಸ್ ನೋಡಿ ಆರಿಸಿದ ಕೀಪರ್‌ನಿಂದ ಬ್ಯಾಟ್ ಕೆಲಸ ಆಗುವುದಿಲ್ಲ ಎಂಬ ಹೆದರಿಕೆಗೆ ಆಧಾರವಿಲ್ಲ. ಅಂಥವನು ತಂಡಕ್ಕೆ ಬೇಕಾದಾಗ ಬೇಕಾದಷ್ಟು ನಿಲ್ಲುತ್ತಾನೆ. ತಾಳ್ಮೆ ಅವನ ಕಸುಬೇ.

ಇದು ಕ್ರಿಕೆಟ್ ಒಂದರ ಮಾತಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಸೆಕೆಂಡ್ ಬೇಸ್ ಕಾಯುವ ಆಟಗಾರನ ಬಗ್ಗೆ ಇದೇ ಜಗಳ ದಶಕಗಳಿಂದ ನಡೆದಿದೆ: ಚೆಂಡು ಹಿಡಿಯುವವನು ಬೇಕೋ, ಹೊಡೆಯುವವನು ಬೇಕೋ? ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಬಿಲ್ ಮ್ಯಾಜರೋಸ್ಕಿ ಹೊಡೆತದಲ್ಲಿ ಸಾಧಾರಣ. ಅವರ ವೃತ್ತಿಜೀವನದ ಸರಾಸರಿ .260. ಆದರೆ ಒಂದೇ ಹೊಡೆತಕ್ಕೆ ಇಬ್ಬರನ್ನು ಔಟ್ ಮಾಡುವ ಡಬಲ್ ಪ್ಲೇಯಲ್ಲಿ ಸೆಕೆಂಡ್ ಬೇಸ್‌ನವರ ಪೈಕಿ 1,706ರ ದಾಖಲೆ ಅವರದು, ಕ್ಷೇತ್ರರಕ್ಷಣೆಗೆ ಕೊಡುವ ಗೋಲ್ಡ್ ಗ್ಲೋವ್ ಎಂಟು. 1960ರ ಅಕ್ಟೋಬರ್ 13ರಂದು ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದ ಕೊನೆಯ ಇನಿಂಗ್ಸ್‌ನಲ್ಲಿ ಬಲಾಢ್ಯ ನ್ಯೂಯಾರ್ಕ್ ಯಾಂಕೀಸನ್ನು 10-9ರಿಂದ ಸೋಲಿಸಿದ ಹೋಮ್ ರನ್ ಬಂದದ್ದು ಇದೇ ಆಟಗಾರನ ಬ್ಯಾಟಿನಿಂದ. 2001ರಲ್ಲಿ ಹಾಲ್ ಆಫ್ ಫೇಮ್‌ಗೆ ಅವರನ್ನು ಸೇರಿಸಿದ್ದು ಮಾತ್ರ ಮುಖ್ಯವಾಗಿ ಅವರ ಕೈಚಳಕಕ್ಕಾಗಿ. ಅಲ್ಲಿಯವರಿಗೆ ಈ ಬುದ್ಧಿ ಬರಲು ಕಾಲ ಹಿಡಿಯಿತು. ನಮಗೆ ಇನ್ನೂ ಬಂದಿಲ್ಲ.

ಒಂದು ಸ್ಟಂಪಿಂಗ್‌ನ ಬೆಲೆಯೇನು ಎಂದು ಕೇಳುವವರಿಗೆ 1985ರ ಮಾರ್ಚ್ 10ರ ಮೆಲ್ಬರ್ನ್ ನೆನಪಿಸಬೇಕು. ವರ್ಲ್ಡ್ ಚಾಂಪಿಯನ್‌ಶಿಪ್ ಫೈನಲ್, ಎದುರಿಗೆ ಪಾಕಿಸ್ತಾನ. ಜಾವೇದ್ ಮಿಯಾಂದಾದ್ 48 ರನ್ ಮಾಡಿ ನೆಲೆಯೂರಿದ್ದರು. ಶಿವರಾಮಕೃಷ್ಣನ್ ಎಸೆತಕ್ಕೆ ಅವರು ಮುಂದೆ ಬಂದದ್ದೇ ತಡ, ಬೆಂಗಳೂರಿನ ಸದಾನಂದ ವಿಶ್ವನಾಥ್ ಬೇಲ್ಸ್ ಹಾರಿಸಿದರು. ಪಾಕಿಸ್ತಾನ 176ಕ್ಕೆ ನಿಂತಿತು, ಭಾರತ ಎಂಟು ವಿಕೆಟ್‌ಗಳಿಂದ ಗೆದ್ದಿತು. ಆ ಟೂರ್ನಿಯುದ್ದಕ್ಕೂ ಸ್ಟಂಪ್ ಹಿಂದಿನಿಂದ ಅವರು ತಂಡದಲ್ಲಿ ತುಂಬಿದ ಕಾವು ಆ ಗೆಲುವಿನ ಅರ್ಧ ಬಲ. ವಿಶ್ವನಾಥ್ ಆಡಿದ ಮೂರು ಟೆಸ್ಟ್‌ಗಳ ಬ್ಯಾಟಿಂಗ್ ಸರಾಸರಿ 6.20. ಬರೀ ಆ ಅಂಕಿ ನೋಡಿದವರಿಗೆ ಈ ಆಟಗಾರ ಏನೂ ಅಲ್ಲ. ಮೆಲ್ಬರ್ನ್ ನೋಡಿದವರಿಗೆ ಗೊತ್ತು, ಅವರು ಏನಾಗಿದ್ದರು ಎಂದು.

ಎದುರು ಪಕ್ಷದ ಬಲವಾದ ಅಸ್ತ್ರಗಳಿಗೆ ಈಗ ಬರೋಣ. ಮೊದಲನೆಯದು ಆಸ್ಟ್ರೇಲಿಯಾದ ಆಡಂ ಗಿಲ್‌ಕ್ರಿಸ್ಟ್. 96 ಟೆಸ್ಟ್, 5,570 ರನ್, 47.60ರ ಸರಾಸರಿ. ಇಡೀ ಜಗತ್ತು ಕೆಟ್ಟದ್ದು ಈ ಅಂಕಿಯನ್ನು ಅರ್ಧ ಓದಿ. ಉಳಿದರ್ಧದಲ್ಲಿ 416 ಬಲಿಗಳಿವೆ. ಶೇನ್ ವಾರ್ನ್ ಎಸೆತಗಳಿಗೆ ಸ್ಟಂಪ್‌ಗೆ ಒತ್ತಿ ನಿಂತು ವರ್ಷಗಟ್ಟಲೆ ಕೀಪಿಂಗ್ ಮಾಡಿದವರು ಅವರು. ಅವರು ಬ್ಯಾಟ್ ಬಲ್ಲ ಪೂರ್ಣಾವಧಿ ಕೀಪರ್. ಗ್ಲೌಸ್ ತೊಡಿಸಿದ ಬ್ಯಾಟ್ಸ್‌ಮನ್ ಅಲ್ಲ. ಅಂಥವರು ಶತಮಾನಕ್ಕೊಬ್ಬರು ಹುಟ್ಟಬಹುದು. ಅವರಿಗಿಂತ ಮೊದಲು ಅದೇ ಆಸ್ಟ್ರೇಲಿಯಾ ಇಯಾನ್ ಹೀಲಿಯನ್ನು 119 ಟೆಸ್ಟ್ ಆಡಿಸಿತು, ಸರಾಸರಿ 27.39, ಸುಮಾರು ನಮ್ಮ ಕಿರ್ಮಾನಿಯಷ್ಟೇ. ಆ ತಂಡ ಜಗತ್ತನ್ನು ಗೆದ್ದ ತಂಡ.

ಎರಡನೆಯ ಅಸ್ತ್ರ ನಮ್ಮವರೇ: ರಾಹುಲ್ ದ್ರಾವಿಡ್. 2003ರ ವಿಶ್ವಕಪ್‌ನಲ್ಲಿ ಗ್ಲೌಸ್ ತೊಟ್ಟರು, ಏಳು ಜನ ಬ್ಯಾಟ್ಸ್‌ಮನ್‌ಗಳಿಗೆ ಜಾಗವಾಯಿತು, ಭಾರತ ಫೈನಲ್ ತಲುಪಿತು. ನಿಜ, ಆ ತ್ಯಾಗಕ್ಕೆ ನಮಸ್ಕಾರ. ಆದರೆ ಅದು 50 ಓವರ್‌ಗಳ ಆಟ. ಟೆಸ್ಟ್‌ನಲ್ಲಿ ದ್ರಾವಿಡ್‌ಗೆ ಗ್ಲೌಸ್ ಕೊಡದೆ ಸ್ಲಿಪ್‌ನಲ್ಲಿ ನಿಲ್ಲಿಸಿದರು. ಅಲ್ಲಿ ಕುಂಬ್ಳೆ ಒಬ್ಬರ ಎಸೆತಗಳಲ್ಲೇ 55 ಕ್ಯಾಚ್ ಹಿಡಿದರು. 2023ರ ವಿಶ್ವಕಪ್‌ನಲ್ಲಿ ಇನ್ನೊಬ್ಬ ಕನ್ನಡಿಗ ಕೆ.ಎಲ್. ರಾಹುಲ್ 17 ಬಲಿ ಪಡೆದರು. ಅಲ್ಲಿ ಮೆಚ್ಚಬೇಕಾದದ್ದು ಅವರು ನಿಜವಾಗಿ ಕೀಪಿಂಗ್ ಕಲಿತದ್ದನ್ನು. ಅಷ್ಟಾದ ಮೇಲೂ 2024ರ ಆರಂಭದಲ್ಲಿ ಇಂಗ್ಲೆಂಡ್ ವಿರುದ್ಧದ ಐದು ಟೆಸ್ಟ್‌ಗಳಿಗೆ ಮುನ್ನ, ನಮ್ಮ ಪಿಚ್‌ಗಳನ್ನು ನೋಡಿ, ರಾಹುಲ್ ಕೀಪಿಂಗ್ ಮಾಡುವುದಿಲ್ಲ ಎಂದು ಪ್ರಕಟಿಸಿದ ಕೋಚ್ ಯಾರು? ಅದೇ ದ್ರಾವಿಡ್. ಗ್ಲೌಸ್ ತೊಟ್ಟು ಕಷ್ಟ ಉಂಡವರೇ ಹಾಗೆ ತೀರ್ಮಾನಿಸಿದರು. ದ್ರಾವಿಡ್ ಹೆಸರು ಹಿಡಿದು ವಾದಿಸುವವರು ಅವರ ಈ ತೀರ್ಮಾನವನ್ನೂ ಒಪ್ಪಬೇಕು.

ಇನ್ನು ರಿಷಭ್ ಪಂತ್. 2021ರ ಬ್ರಿಸ್ಬೇನ್‌ನ ಅಜೇಯ 89 ಯಾರೂ ಮರೆಯಲಾರರು. ಪಂತ್ ಕೂಡ ತಮ್ಮ ಕೀಪಿಂಗನ್ನು ತಿದ್ದಿಕೊಂಡ ಮೇಲೆಯೇ ತಂಡಕ್ಕೆ ಭಾರವಾಗದೆ ಉಳಿದರು. ಅಂಥ ಅಪರೂಪದವರು ಸಿಕ್ಕಾಗ ಬಿಡಿ ಎಂದು ನಾನು ಹೇಳುತ್ತಿಲ್ಲ. ಅಪರೂಪವನ್ನು ನಿಯಮ ಮಾಡಬೇಡಿ ಎನ್ನುತ್ತಿದ್ದೇನೆ.

ಬ್ಯಾಟ್ಸ್‌ಮನ್‌ಗೆ ಗ್ಲೌಸ್ ತೊಡಿಸಿದರೆ ಅವನ ಬ್ಯಾಟೂ ಮೊದಲಿನಂತೆ ಉಳಿಯುವುದಿಲ್ಲ, ಇದನ್ನು ಆ ಪಕ್ಷದವರು ಎಣಿಸುವುದೇ ಇಲ್ಲ. ಶ್ರೀಲಂಕಾದ ಕುಮಾರ ಸಂಗಕ್ಕಾರ ಕೀಪಿಂಗ್ ಮಾಡಿದ ಟೆಸ್ಟ್‌ಗಳಲ್ಲಿ ಸರಾಸರಿ 40.48, ಮಾಡದ ಟೆಸ್ಟ್‌ಗಳಲ್ಲಿ 66.78. ಇಂಗ್ಲೆಂಡಿನ ಅಲೆಕ್ ಸ್ಟೂವರ್ಟ್ ಕೀಪರ್ ಆಗಿ 34.92, ಬರೀ ಬ್ಯಾಟ್ಸ್‌ಮನ್ ಆಗಿ 46.70. ಸ್ಟೂವರ್ಟ್‌ಗೆ ಗ್ಲೌಸ್ ಕೊಡಲು ಹೊರಗಿಟ್ಟದ್ದು ಜ್ಯಾಕ್ ರಸೆಲ್ ಅವರನ್ನು, ಅಂದರೆ 1995ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಒಂದೇ ಟೆಸ್ಟ್‌ನಲ್ಲಿ 11 ಬಲಿ ಪಡೆದು, ಅದೇ ಪಂದ್ಯದಲ್ಲಿ ಗಂಟೆಗಟ್ಟಲೆ ಬ್ಯಾಟ್ ಹಿಡಿದು ನಿಂತು ಸೋಲು ತಪ್ಪಿಸಿದ ಕೀಪರ್‌ನನ್ನು. ಹೀಗೆ ಒಳ್ಳೆಯ ಕೀಪರನ್ನೂ ಕಳೆದುಕೊಂಡರು, ಒಳ್ಳೆಯ ಬ್ಯಾಟ್ಸ್‌ಮನ್‌ನ ಹತ್ತಾರು ರನ್‌ಗಳನ್ನೂ ಕಳೆದುಕೊಂಡರು. ಅದೇ ದೇಶ 2023ರ ಆಷಸ್‌ನಲ್ಲಿ ಬೆನ್ ಫೋಕ್ಸ್ ಅವರನ್ನು ಬಿಟ್ಟು ಜಾನಿ ಬೇರ್‌ಸ್ಟೊ ಅವರನ್ನು ಆರಿಸಿತು. ಎಜ್‌ಬಾಸ್ಟನ್‌ನ ಮೊದಲ ಟೆಸ್ಟ್‌ನಲ್ಲೇ ಹಲವು ಅವಕಾಶಗಳು ತಪ್ಪಿದವು; ಆಸ್ಟ್ರೇಲಿಯಾ ಗೆದ್ದದ್ದು ಎರಡೇ ವಿಕೆಟ್‌ಗಳಿಂದ. ಮುಂದೆ ಬೇರ್‌ಸ್ಟೊ ಮ್ಯಾಂಚೆಸ್ಟರ್‌ನಲ್ಲಿ ಅಜೇಯ 99 ಹೊಡೆದರು, ಮಳೆ ಪಂದ್ಯ ಕೆಡಿಸಿತು. ಸರಣಿ 2-2, ಆಷಸ್ ಆಸ್ಟ್ರೇಲಿಯಾದ ಬಳಿಯೇ ಉಳಿಯಿತು.

ಈ ಜಗಳ ಹೊಸದಲ್ಲ. 1960ರಲ್ಲಿ ಮುಂಬೈಯ ನರೇನ್ ತಮ್ಹಾಣೆಯಂಥ ನಯವಾದ ಕೀಪರ್ ಇದ್ದಾಗಲೇ ಮೂಲ್ಕಿಯ ಬುಧಿ ಕುಂದರನ್ ಬ್ಯಾಟಿನ ಬಲದಿಂದ ತಂಡಕ್ಕೆ ಬಂದರು. 1964ರಲ್ಲಿ ಇಂಗ್ಲೆಂಡ್ ವಿರುದ್ಧ ಮದರಾಸಿನಲ್ಲಿ 192, ಸರಣಿಯಲ್ಲಿ 525 ರನ್. ಆದರೂ ಅವರ ಟೆಸ್ಟ್ ಜೀವನ 18 ಪಂದ್ಯಕ್ಕೇ ಮುಗಿಯಿತು. ಹಾಗೆ ನೋಡಿದರೆ ಕುಂದರನ್‌ಗೂ ಅನ್ಯಾಯವೇ ಆಯಿತು. ಅಂಥ ಹೊಡೆತಗಾರನನ್ನು ಗ್ಲೌಸ್ ಇಲ್ಲದೆ ಬರೀ ಬ್ಯಾಟ್ಸ್‌ಮನ್ ಆಗಿ ಬೆಳೆಸಬಹುದಿತ್ತು. ಎರಡು ಕೆಲಸವನ್ನು ಒಬ್ಬನ ಮೇಲೆ ಹೇರಿ, ಯಾವುದರಲ್ಲಿ ಎಡವಿದರೂ ಅವನನ್ನೇ ದೂರುವ ಚಾಳಿ ಆಗಲೂ ಇತ್ತು.

ಮೇಲ್ಮಟ್ಟದ ಈ ನಂಬಿಕೆಯಿಂದ ದೊಡ್ಡ ಹಾನಿಯಾಗುತ್ತಿರುವುದು ಕೆಳಗೆ. ಶಾಲಾ ತಂಡ, ಕ್ಲಬ್, ವಯೋಮಿತಿಯ ಆಯ್ಕೆಗಳಲ್ಲಿ ಕೋಚ್‌ಗಳು ಮೊದಲು ಕೇಳುವುದು ಎಷ್ಟು ರನ್ ಹೊಡೆದಿದ್ದೀಯ ಎಂದು. ಹನ್ನೆರಡು ವರ್ಷದ ಹುಡುಗನಿಗೆ ಪಾದದ ನಡೆ, ಕೈಗಳ ಮೃದುತನ, ಬೌಲರ್‌ನ ಮಣಿಕಟ್ಟು ಓದುವ ಕಣ್ಣು ಕಲಿಸುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಹುಡುಗನೂ ಬೇಗ ಅರ್ಥಮಾಡಿಕೊಳ್ಳುತ್ತಾನೆ: ಗ್ಲೌಸ್ ತೊಟ್ಟು ಒಂದು ಗಂಟೆ ಬೆವರಿದರೆ ಬೆಲೆಯಿಲ್ಲ, ಥ್ರೋಡೌನ್‌ಗೆ ನಿಂತರೆ ಬೆಲೆಯಿದೆ. ಕೀಪಿಂಗ್ ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ಕೈಯಿಂದ ಕೈಗೆ ದಾಟುವ ವಿದ್ಯೆ. ನಡುವೆ ಒಂದು ಪೀಳಿಗೆ ತಪ್ಪಿದರೆ ಕಲಿಸುವವರೇ ಇರುವುದಿಲ್ಲ. ಒಳ್ಳೆಯ ಸ್ಪಿನ್ನರ್‌ಗಳು ಕಡಿಮೆಯಾಗುತ್ತಿದ್ದಾರೆ ಎಂದು ಮರುಗುವವರು ಇದನ್ನೂ ಯೋಚಿಸಲಿ: ತನ್ನ ಎಸೆತ ಬ್ಯಾಟ್ ದಾಟಿದ ಮೇಲೆ ಹಿಡಿಯುವವನಿಲ್ಲ ಎಂದು ಗೊತ್ತಿರುವ ಹುಡುಗ ಚೆಂಡನ್ನು ಮೇಲೆತ್ತಿ ಎಸೆಯುವ ಧೈರ್ಯ ಮಾಡಲಾರ. ಕೀಪರ್ ಸತ್ತರೆ ಸ್ಪಿನ್ ಕೂಡ ಸಾಯುತ್ತದೆ.

ಆದ್ದರಿಂದ ಆಯ್ಕೆಯ ಕ್ರಮ ಬದಲಾಗಬೇಕು. ಮೊದಲು ಸ್ಪಿನ್‌ಗೂ ವೇಗಕ್ಕೂ ಕೀಪಿಂಗ್ ಮಾಡಬಲ್ಲ ಇಬ್ಬರು ಮೂವರನ್ನು ಗ್ಲೌಸ್ ನೋಡಿಯೇ ಗುರುತಿಸಿ. ಅವರ ನಡುವೆ ಆರಿಸುವಾಗ ಬ್ಯಾಟ್ ತೂಗಿ. ಬ್ಯಾಟ್ಸ್‌ಮನ್‌ಗಳ ಪಟ್ಟಿ ಹಿಡಿದು ಇವರಲ್ಲಿ ಯಾರಿಗೆ ಗ್ಲೌಸ್ ಕೊಡೋಣ ಎಂದು ಹುಡುಕಬೇಡಿ. ರಣಜಿಯಿಂದ ಹಿಡಿದು ಶಾಲಾ ಪಂದ್ಯದವರೆಗೆ ಪ್ರತಿ ಸ್ಕೋರರ್ ತಪ್ಪಿದ ಕ್ಯಾಚ್, ತಪ್ಪಿದ ಸ್ಟಂಪಿಂಗ್, ಆಮೇಲೆ ಆ ಬ್ಯಾಟ್ಸ್‌ಮನ್ ಸೇರಿಸಿದ ರನ್ ಬರೆದಿಡಲಿ. ಕೀಪರ್‌ನ ಸರಾಸರಿಯ ಪಕ್ಕದಲ್ಲೇ ಅದನ್ನೂ ಅಚ್ಚು ಹಾಕಲಿ. ಆಯ್ಕೆ ಸಮಿತಿಯಲ್ಲಿ, ಇಲ್ಲದಿದ್ದರೆ ಅದಕ್ಕೆ ಸಲಹೆ ಕೊಡುವವರಲ್ಲಿ, ಒಬ್ಬ ಹಳೆಯ ಕೀಪರ್ ಇರಲೇಬೇಕು. ಪ್ರತಿ ವಯೋಮಿತಿಯ ಶಿಬಿರಕ್ಕೂ ಕೀಪಿಂಗ್ ಕೋಚ್ ಬೇಕು. ಇದಕ್ಕೆ ದೊಡ್ಡ ಹಣ ಬೇಡ, ಮನಸ್ಸು ಸಾಕು.

ಕಿರ್ಮಾನಿ 88 ಟೆಸ್ಟ್‌ಗಳಲ್ಲಿ ಮಾಡಿದ ಸ್ಟಂಪಿಂಗ್ 38. ಭಾರತದ ಆ ದಾಖಲೆಯನ್ನು 90 ಟೆಸ್ಟ್ ಆಡಿದ ಧೋನಿಯೂ ಸರಿಗಟ್ಟಿದರೇ ಹೊರತು ಮೀರಲಿಲ್ಲ. ನಮ್ಮ ಆಯ್ಕೆಗಾರರು, ಕೋಚ್‌ಗಳು, ಮಕ್ಕಳನ್ನು ಮೈದಾನಕ್ಕೆ ಕರೆತರುವ ತಂದೆತಾಯಿಗಳು ಇಷ್ಟು ಮಾಡಲಿ: ವಿಕೆಟ್ ಹಿಂದೆ ಕೂರುವ ಹುಡುಗನಿಗೆ, ಹುಡುಗಿಗೆ, ಎಷ್ಟು ರನ್ ಹೊಡೆದೆ ಎಂದು ಕೇಳುವ ಮೊದಲು ಎಷ್ಟು ಹಿಡಿದೆ ಎಂದು ಕೇಳಲಿ.